ಜಗ್ಗಿ ನೋಡ್ರಿ

ನಮ್ಮ ಬಸಲಿಂಗನ ಅಪ್ಪಾರಿಗೆ,

ತಂಗಿ ಸಿದ್ದವ್ವನ ಕರಕೊಂಡು ಬಾಗಲಕೋಟಿ ಕಿವಿ ಡಾಕ್ಟರ್ ಕಡೆ ಹೊಂಟೇನಿ. ನನ್ನ ಕಿವಿ ಒಮ್ಮಿಗೇ ಬಂದ್ ಆದಾಗಿಂದ ನಿಮ್ಮವ್ವ ಬಳ್ಳೊಳ್ಳಿ ಎಣ್ಣಿ ಹಾಕಿದ್ದು ಸಾಕು. ಗುಳಗಿಗೆ ಗುಣ ಆಗಲಿಲ್ಲಂದ್ರ ಹುಬ್ಬಳ್ಳಿಗೂ ಹೋಗ್ತೇನಿ. ಮಷೀನ್ ಹಾಕ್ಕೋ ಅಂದ್ರ ಹಾಕ್ಕೋತೇನಿ, ನನಗೇನು ನಾಚಿಕಿಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವು. ಎಮ್ಮಿಗೆ ನೀರು ಕುಡಸ್ರಿ.

ಕಿವಿ ಕೇಳದಾಕಿ ಮಗ್ಗಕ್ಕ ಕೂಡಬಾರದು, ಅರ್ಧ ನೇಯ್ದ ಸೀರಿ ಮಂದಿಗೆ ನೇಯಾಕ ಕೊಡೂಣು ಅಂದ್ರೆಲ್ಲ? ನಿನ್ನೆ ನೀವು ಸಂತಿಗೆ ಹೋದಾಗ ಸೆರಗಿನ ಎಳಿ ಸೀರಿ ಒಡಲಿನ ಎಳಿಗೆ ಒಂದೊಂದಾಗಿ ಕೊಂಡಿ ಹಾಕಿ ನಾನ ಕೂಡಿಸೇನಿ, ಗೇಣುದ್ದ ನೇಯ್ದೂ ಇಟ್ಟೇನಿ. ಮಗ್ಗದ ಪೆಟ್ಟು ಕೇಳಾಕ ಕಿವಿ ಯಾಕ ಬೇಕು, ಮಗ್ಗದ ಕುಣ್ಯಾಗಿಟ್ಟ ಕಾಲಿಗೇ ತಿಳೀತೈತಿ.

ಆ ಕೂಡಿಸಿದ್ದು ಜಗ್ಗಿ ನೋಡ್ರಿ. ಒಂದೆಳಿ ಬಿಚ್ಚಿದ್ರೂ ಮಗ್ಗ ಬಿಡ್ತೇನಿ. ಬಿಚ್ಚಲಿಲ್ಲಂದ್ರ, ನಾ ಬರೂದ್ರಾಗ ನನಗ ಲಾಳ್ಯಾಗ ಹಾಕೂ ದಾರದ ಕಂಡಿಕಿ ಸುತ್ತಿ ಇಡ್ರಿ.

ಗುರುಲಿಂಗವ್ವ