ಅಗಸಿಯ ಮುಂದೆ ಅಡ್ಡ ನಿಂತ ಟಾಂಗಾ

೩ ನವೆಂಬರ್ ೧೯೩೬, ಮಂಗಳವಾರ. ಕಮಲಾಪುರ. ಬೆಳಿಗ್ಗೆ.

ಮೋಟಾರಿನ ಹಾರ್ನ್ ಕೇಳಿತು. ಹಿತ್ತಲಲ್ಲಿ ಕಟ್ಟಿದ ಕುದುರೆ ಮೇವು ಬಿಟ್ಟು ರಸ್ತೆಯ ಕಡೆ ಹೊರಟಿತು. ಹಗ್ಗ ಬಿಗಿಯಿತು. ಹಾಗೇ ನಿಂತಿತು.

ಟಾಂಗಾ ಹೊಡೆಯುತ್ತಿದ್ದ ನಬಿಸಾಬ್ ಕಾಕಾ ತೀರಿಕೊಂಡು ವಾರವಾಯಿತು. ಜ್ವರ. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ — ಕುದುರೆ, ಟಾಂಗಾ ಎರಡನ್ನೂ ಅಪ್ಪ ನಮ್ಮಲ್ಲಿಗೇ ತರಿಸಿದರು.

ದಿನಾ ಈ ಹೊತ್ತಿಗೆ ಕಾಕಾ ಊರಬಾಗಿಲ ಅಗಸಿಯ ಮುಂದೆ ಟಾಂಗಾವನ್ನು ರಸ್ತೆಗೆ ಅಡ್ಡ ನಿಲ್ಲಿಸುತ್ತಿದ್ದರು. ಕಲಬುರಗಿಗೆ ಹೋಗುವ ಮೋಟಾರು ಬಸ್ಸು ಗಂಡಸರು ಕೈಯೆತ್ತಿದರೆ ನಿಲ್ಲುತ್ತದೆ. ಬರೀ ಹೆಂಗಸರಿದ್ದರೆ ಇಲ್ಲ. ಒಳಗೆ ಅವರಿಗೆ ಪರದೆ ಕಟ್ಟಬೇಕು, ಗಂಟು, ಮಕ್ಕಳು... ಹೊತ್ತಾಗುತ್ತದಂತೆ.

ಡ್ರೈವರ್ ಬೈದರೆ ಕಾಕಾರದು ಒಂದೇ ಮಾತು: "ಏನ್ ಮಾಡ್ಲಿರೀ ಸಾಬ್, ಕುದುರಿ ಮಾತ ಕೇಳವಲ್ದು. ಹೆಣ್ಮಕ್ಳು ಹತ್ತಿ ಕುಂತ್ರ ತಾನ ಸರೀತದ."

"ನಿನಗಿಂತ ನಿನ್ ಕುದುರಿಗೇ ಅಕಲ್ ಜಾಸ್ತಿ ಅದ!"

"ಹೌದ್ರೀ. ಅದಕ್ಕ ನಾ ಅದರ ಮಾತ ಕೇಳ್ತೀನಿ."

ಟಾಂಗಾ ಬಾಡಿಗೆಯೇ ಅವರ ಅನ್ನ. ಮೋಟಾರು ಬಂದು ಅದನ್ನು ಕಸಿಯಿತು. ಆದರೂ ಅದನ್ನೇ ನಿಲ್ಲಿಸಿ ಹೆಂಗಸರನ್ನು ಹತ್ತಿಸುವುದು ಯಾಕೆ? — ಒಮ್ಮೆ ಕೇಳಿದ್ದೆ. ಹೆಂಡತಿ ಹೆರಿಗೆ ನೋವಿನಲ್ಲಿ, ಇದೇ ಟಾಂಗಾದಲ್ಲಿ, ಕಲಬುರಗಿ ಮುಟ್ಟುವ ಮುಂಚೆಯೇ ತೀರಿಕೊಂಡಳಂತೆ. "ಕುದುರಿದು ತಪ್ಪಿಲ್ಲ ಬೇಟಿ. ದಾರಿನೇ ದೂರ."

ನಾನು ಹೈದರಾಬಾದಿಗೆ ಹೋಗಿ ಬಿ.ಎ. ಓದಿದ್ದೂ ಆ ಟಾಂಗಾ ಅಡ್ಡ ನಿಂತದ್ದರಿಂದಲೇ.

೬ ನವೆಂಬರ್, ಶುಕ್ರವಾರ. ಕಲಬುರಗಿ. ಸಂಜೆ.

ಅಪ್ಪನ ಜೊತೆ ಬಂದೆ. ಅಪ್ಪ ಕೈಯೆತ್ತಿದರು, ಮೋಟಾರು ನಿಂತಿತು.

ಕಾಕಾರ ಶೋಕಸಭೆ, ಸರ್ಕಾರದ ಪರವಾನಗಿ ಪಡೆದೇ ಸೇರಿದ್ದು. ಭಾಷಣ ಬರೆದದ್ದು ನಾನು, ಓದಿದ್ದು ಅಪ್ಪ. ಹೆಂಗಸರು ಪರದೆಯ ಹಿಂದೆ. "ಸಮಾಜಸೇವಕ" ಎಂದಾಗ ಎಲ್ಲರೂ ತಲೆಯಾಡಿಸಿದರು. ಕೊನೆಯ ಸಾಲನ್ನು ಅಪ್ಪ ಓದಲೇ ಇಲ್ಲ — ಅವರು ಹೋದ ಮೇಲೆ ಕಮಲಾಪುರದ ಹೆಂಗಸರಿಗೆ ಮೋಟಾರು ನಿಲ್ಲುತ್ತಿಲ್ಲ ಎಂಬ ಸಾಲು.

ಆಮೇಲೆ ಯಾಕೆಂದು ಕೇಳಿದೆ. ಅಪ್ಪ ಮೆಲ್ಲಗೆ ಅಂದರು: "ಸರ್ಕಾರ ಅಳಾಕ ಪರವಾನಗಿ ಕೊಟ್ಟದ ತಂಗಿ. ತಕರಾರ ಮಾಡಾಕ ಕೊಟ್ಟಿಲ್ಲ."

ಭಾಷಣದ ಹಾಳೆ ಮಡಿಸಿಟ್ಟುಕೊಂಡೆ. ಎದುರು ಮಾತು ಯಾವಾಗ ಆಡಿದ್ದೇನೆ?

೯ ನವೆಂಬರ್, ಸೋಮವಾರ. ಕಮಲಾಪುರ.

ಅಪ್ಪ ಕೋರ್ಟಿನ ಕೆಲಸಕ್ಕೆ ಕಲಬುರಗಿಯಲ್ಲೇ ಉಳಿದಿದ್ದಾರೆ.

ಪಕ್ಕದ ಮನೆಯ ಶಂಕ್ರಮ್ಮನಿಗೆ ದಿನ ತುಂಬುತ್ತಿವೆ. ಕಾಲು, ಮುಖ ಬಾತಿವೆ. ಕಲಬುರಗಿಯ ದವಾಖಾನೆಗೆ ಕರೆದೊಯ್ಯಿರಿ ಎಂದು ಸೂಲಗಿತ್ತಿಯೇ ಕೈಚೆಲ್ಲಿದಳು. ಗಂಡ ಸೊಲ್ಲಾಪುರದ ಗಿರಣಿಯಲ್ಲಿ. ಊರ ಗಂಡಸರು ಹೊಲದಲ್ಲಿ. ಅತ್ತೆ ಸೊಸೆ ಅಗಸಿಯಲ್ಲಿ ನಿಂತರು. ನಾನು ಬೇವಿನ ಮರದ ಹಿಂದೆ.

ಮೋಟಾರು ಬಂತು. ನಿಲ್ಲಲಿಲ್ಲ. ಧೂಳು.

"ನಾಳಿಗಿ ನಿಮ್ಮ ಮಗನ ರುಮಾಲ ಸುತ್ಕೊಂಡ್ ಬರ್ತೀನಿ ನೋಡ್ರೀ ಅತ್ತಿ. ಗಂಡಸಂತ ನಿಂದರಸ್ತಾನ," ಎಂದು ಶಂಕ್ರಮ್ಮ ನಕ್ಕಳು.

"ಈ ಹೊಟ್ಟಿ ಎಲ್ಲಿ ಮುಚ್ಚಿಡ್ತಿ?"

ಇಬ್ಬರೂ ನಕ್ಕರು. ಆಮೇಲೆ ಶಂಕ್ರಮ್ಮ ಕಟ್ಟೆಯ ಮೇಲೆ ಕುಸಿದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮೋಟಾರು ಬಂದಾಗ ನನ್ನ ಕೈ ಮೇಲೇಳಲೇ ಇಲ್ಲ.

ಅದೇ ದಿನ, ಸಂಜೆ.

ಟಾಂಗಾದ ಧೂಳು ಒರೆಸಿದೆ. ಕುದುರೆಗೆ ನೀರು ಕುಡಿಸಿದೆ. ಹೂಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತು. ಮಾತು ಮಾತ್ರ ನನ್ನದು. ಕುದುರೆಯ ಮುಂದೆ ಅದನ್ನು ಹೇಳಿ ನೋಡಿದೆ.

ಅಡುಗೆಮನೆಯಿಂದ ಅವ್ವ: "ಕುದುರಿ ಜೋಡಿ ಏನ್ ಮಾತಾಡ್ಲಿಕತ್ತೀಯವಾ?"

"ಏನಿಲ್ಲವ್ವ."

ಶಂಕ್ರಮ್ಮನಿಗೆ ಗಂಟು ಬಿಚ್ಚಬೇಡ ಎಂದು ಹೇಳಿ ಬಂದೆ. ನಾಳೆ ಡ್ರೈವರ್ ಬೈದರೆ, ಜೋರಾಗಿ — ಕುದುರಿ ಮಾತ ಕೇಳವಲ್ದರೀ ಸಾಬ್, ಹೆಣ್ಮಕ್ಳು ಹತ್ತಿ...