ನಮ್ಮ ಟೀವಿಯ ನೀಲಿ

ಮನೆಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಲ್ಲುನೋವು ಹೋಯಿತೆ? ಉಪ್ಪುನೀರು ಮುಕ್ಕಳಿಸಿಯೇ ಕಾಲ ತಳ್ಳುತ್ತಿದ್ದೀಯೆಂದು ಅಮ್ಮ ಬೈಯುತ್ತಿದ್ದಾಳೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಸಿಡುಕು ಹಾಗೇ ಇದೆ. ಎಣ್ಣೆ ಹಾಕಿದ ಮೇಲೆ ಅಮ್ಮನ ಹೊಲಿಗೆ ಯಂತ್ರ ಗೊರಕೆ ಹೊಡೆಯುವುದನ್ನು ಬಿಟ್ಟಿದೆ.

ನೀನು ಕಳಿಸಿದ ಹೊಸ ಟೀವಿ ಬಂತು. ಹಳೆಯದರ ತಲೆಗೆ ಬಡಿದು ಬಡಿದು ಅಭ್ಯಾಸವಾದ ಅಪ್ಪ, ಇದಕ್ಕೆ ಎಲ್ಲಿ ಬಡಿಯಬೇಕೆಂದು ತಿಳಿಯದೆ ಕೈಕಟ್ಟಿ ಕೂತಿರುತ್ತಾರೆ. ಬಂದ ಸಂಜೆಯೇ ನಮ್ಮ ಆಕಾಶನೌಕೆಯ ಧಾರಾವಾಹಿ ಹಾಕಿದೆ. ಅಕ್ಕಾ, ಕ್ಯಾಪ್ಟನ್ ಕೋಟು ನೀಲಿ ಅಲ್ಲ, ನೇರಳೆ! ಡಾಕ್ಟರದು ಮಾತ್ರ ನೀಲಿ. ಹಳೆಯ ಟೀವಿಯಲ್ಲಿ ಕೆಂಪು ಸತ್ತುಹೋಗಿತ್ತಲ್ಲ, ಅದಕ್ಕೇ ನೇರಳೆಯೂ ನಮಗೆ ನೀಲಿಯಾಗಿ ಕಾಣುತ್ತಿತ್ತು. ಎಲ್ಲರ ಮುಖವೂ ಕಾಯಿಲೆಯವರ ಹಾಗಿದ್ದದ್ದು ಅದಕ್ಕೇ. ಆಕಾಶದಲ್ಲಿದ್ದರೆ ಹಾಗಾಗುತ್ತದೆ ಎಂದು ನೀನು ಹೇಳಿದ್ದೆ, ನಾನು ನಂಬಿದ್ದೆ. ಹಸಿರಿನವರು ರಿಪೇರಿಗೆ, ಕಪ್ಪಿನವರು ಮೊದಲ ಅರ್ಧಗಂಟೆಯಲ್ಲೇ ಸಾಯುವುದಕ್ಕೆ, ಅಷ್ಟು ಸರಿಯಾಗಿತ್ತು. ಆದರೆ ನೀಲಿ? ಗೊತ್ತಿಲ್ಲದ ಗ್ರಹಕ್ಕೆ ಇಳಿಯುವ ಕ್ಯಾಪ್ಟನ್, ನೌಕೆಯಲ್ಲಿ ಅವಳಿಗಾಗಿ ಕಾಯುವ ಡಾಕ್ಟರು, ಇಬ್ಬರಿಗೂ ಒಂದೇ ಬಣ್ಣ, ಏಕೆಂದರೆ ಹೋಗುವುದೂ ಕಾಯುವುದೂ ಒಂದೇ ಕೆಲಸ ಎಂದುಕೊಂಡಿದ್ದೆವು. ಅದನ್ನೇ ಕಾಲೇಜಿನಲ್ಲಿ ಪ್ರಬಂಧ ಬರೆದು ಮೇಷ್ಟರಿಂದ ಭೇಷ್ ಎನಿಸಿಕೊಂಡೆ. ಪಾಪ, ಅವರ ಟೀವಿಯೂ ಕೆಟ್ಟಿತ್ತೋ ಏನೋ.

ನಿನಗಿದು ಎಂದೋ ತಿಳಿದಿತ್ತು. ಟೀವಿಯ ಜೊತೆ ಬಂದ ಫೋಟೋದಲ್ಲಿ ನೀನು ನೇರಳೆ ಕೋಟಿನಲ್ಲಿ ನಿಂತಿದ್ದೀಯ. ಯಾವುದೋ ಅಂಗಡಿಯಲ್ಲಿ ಹೊಲಿಸಿದ್ದು. ಕಾಲರು ಸೊಟ್ಟಗಿದೆಯೆಂದು ಅಮ್ಮ ಕಂಡ ಕೂಡಲೇ ಹೇಳಿದಳು. ನಿನ್ನ ಹೆಗಲ ಮೇಲೆ ಕೈ ಹಾಕಿರುವವಳು ನಿನ್ನ ರೂಮ್‌ಮೇಟು ತಾನೆ? ಎಷ್ಟು ಉದ್ದ ಅವಳು! ಮನಸ್ಸಿನಲ್ಲಿ ನಾನವಳನ್ನು ಜಿರಾಫೆ ಎಂದೇ ಕರೆಯುತ್ತೇನೆ. ನಗು ಚೆನ್ನಾಗಿದೆ, ಅದೇ ಕಷ್ಟ. ಫೋಟೋದ ಹಿಂದೆ ನೀನು ಬರೆದದ್ದು ಬಾಯಿಪಾಠವಾಗಿದೆ: ‘ನಿನ್ನ ನೀಲಿ ಕೋಟು ಇವಳಿಗೆ ಕಳ್ಸೇ. ನಮ್ ಧಾರಾವಾಹಿ ಅಭಿಮಾನಿಗಳ ಕೂಟಕ್ಕೆ ವೇಷ ಹಾಕ್ಕೊಂಡು ಹೋಗ್ತಿದೀವಿ, ಇವ್ಳೇ ನನ್ನ ಡಾಕ್ಟ್ರು. ನೀನಂತೂ ಜನ ಇರೋ ಕಡೆ ಬರಲ್ಲ.’

ಬರಲ್ಲ ಎಂದು ನೀನೇ ತೀರ್ಮಾನಿಸಿದೆ, ಕೇಳಲಿಲ್ಲ. ನಿಜ, ಯಾರಾದರೂ ಬಾಗಿಲು ತಟ್ಟಿದರೆ ಅಡುಗೆಮನೆಗೆ ಓಡುವವಳು ನಾನು. ಆದರೆ ಒಂದೇ ಬಟ್ಟೆಯಲ್ಲಿ ಅಮ್ಮ ಇಬ್ಬರಿಗೂ ಕೋಟು ಹೊಲಿದದ್ದು, ಅವನ್ನು ತೊಟ್ಟು ನೀನು ಕ್ಯಾಪ್ಟನ್, ನಾನು ಡಾಕ್ಟರು ಆಗಿ ಮೆಟ್ಟಿಲನ್ನೇ ನೌಕೆ ಮಾಡಿಕೊಂಡದ್ದು ನೆನಪಿದೆಯೆ? ನಿನ್ನದನ್ನು ಇಲ್ಲೇ ಬಿಟ್ಟುಹೋದೆ. ಅಪ್ಪ ಈಗ ಅದನ್ನು ಸ್ಕೂಟರಿಗೆ ಹೊದಿಸುತ್ತಾರೆ. ನಾನು ನನ್ನದನ್ನು ಮೊನ್ನೆಯವರೆಗೂ ಮಡಚಿ ಕಪಾಟಿನಲ್ಲಿಟ್ಟಿದ್ದೆ.

ಇಟ್ಟಿದ್ದೆ ಅಷ್ಟೆ. ‘ಸುಮ್ನೆ ಕೊಳೀತಾ ಬಿದ್ದಿದೆ, ಆ ಮಗೂಗಾದ್ರೂ ಆಗ್ಲಿ ಬಿಡೇ’ ಎಂದು ಅಮ್ಮ ಫೋಟೋದಲ್ಲೇ ಜಿರಾಫೆಯ ಅಳತೆ ತೆಗೆದು, ನನ್ನ ಕೋಟಿನ ತೋಳು ಬಿಚ್ಚಿ, ಆಗ ಉಳಿದಿದ್ದ ಬಟ್ಟೆಯ ತುಂಡು ಸೇರಿಸಿ ಉದ್ದ ಮಾಡಿಬಿಟ್ಟಿದ್ದಾಳೆ. ಕಂಡವರ ಮಗಳಿಗೆ ಎಂಥ ಅಚ್ಚುಕಟ್ಟು ಹೊಲಿಗೆ! ನನ್ನ ಅಂಗಿಯ ಗುಂಡಿ ಕಿತ್ತು ಯಾವ ಕಾಲವಾಯಿತೋ, ಅದಕ್ಕೆ ಪುರುಸೊತ್ತಿಲ್ಲ.

ಅಪ್ಪ ಅಮ್ಮನ ಆಶೀರ್ವಾದಗಳು ನಿನಗೆ. ಹಲ್ಲಿನ ಡಾಕ್ಟರ ಹತ್ತಿರ ಹೋಗು. ನಿನ್ನ ರೂಮ್‌ಮೇಟನ್ನೂ ಕೇಳಿದೆನೆಂದು ಹೇಳು; ಅಮ್ಮ ಹೇಳು ಎಂದಳು, ಹೇಳುತ್ತಿದ್ದೇನೆ.

ನಿನ್ನ ಡಾಕ್ಟರು
(ಇನ್ನೂ ರಾಜೀನಾಮೆ ಕೊಟ್ಟಿಲ್ಲ)

ಮರೆತಿದ್ದೆ: ಪಾರ್ಸೆಲ್ಲಿಗೆ ಕಾಯಬೇಡ. ಕೋಟು ತೊಟ್ಟುಕೊಂಡು ನಾನೇ ಬರುತ್ತಿದ್ದೇನೆ, ಕೂಟದ ಹಿಂದಿನ ದಿನ, ಬೆಳಗಿನ ರೈಲಿಗೆ. ತೋಳು ಮಡಚಿಕೊಂಡರೆ ಆಯಿತು. ಟಿಕೆಟ್ ಕೌಂಟರಿನವನು ‘ಸ್ವಲ್ಪ ಜೋರಾಗಿ ಹೇಳಮ್ಮಾ’ ಎಂದು ಗದರಿದ, ಜೋರಾಗಿಯೇ ಹೇಳಿದೆ. ಜಿರಾಫೆಗೆ ಹಸಿರು ಒಪ್ಪುತ್ತದೆ, ರಿಪೇರಿಗೆ ಉದ್ದ ಕೈ ಬೇಕು. ಸ್ಟೇಷನ್ನಿಗೆ ನೀನೊಬ್ಬಳೇ ಬಾ.