ಮಾವನ ಹೆಸರು

ಗುಲ್ಚಾ ಹತ್ತಿರದ ಹಳ್ಳಿಯಿಂದ
14 ಅಕ್ಟೋಬರ್ 2001

ಪ್ರೀತಿಯ ನಿಸೋ ಅಕ್ಕನಿಗೆ,

ನೀನು, ಭಾವ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈಯಬೇಡ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಸಿಟ್ಟು ಬಂದು ಹರಿದು ಒಲೆಗೆ ಹಾಕಿದೆ. ನಾಳೆ ಒಂದು ಲಾರಿ ನಿಮ್ಮ ಖೊರೋಗ್‌ಗೆ ಹೊರಡುತ್ತದಂತೆ, ಅದಕ್ಕೆ ಇವತ್ತು ಹಟ ಹಿಡಿದು ಬರೆಯುತ್ತಿದ್ದೇನೆ. ನೀನು ಕಳಿಸಿದ ಒಣ ಹಿಪ್ಪುನೇರಳೆ ತಲುಪಿತು. ಯಾರಿಗೂ ಕೊಡದೆ ನಾನೊಬ್ಬಳೇ ತಿಂದೆ.

ಇಲ್ಲಿ ಸೊಸೆಯಾದವಳು ಗಂಡನ ಹೆಸರನ್ನಾಗಲಿ, ಅವನ ಕಡೆಯ ಹಿರಿಯರ ಹೆಸರನ್ನಾಗಲಿ ಬಾಯಲ್ಲಿ ತರಬಾರದು ಎಂದು ಹಿಂದೆ ಬರೆದಿದ್ದೆನಲ್ಲ. ಹೆಸರಷ್ಟೇ ಅಲ್ಲ, ಹೆಸರಿನೊಳಗೆ ಅಡಗಿದ ಪದವೂ ಕೂಡದು. ಮಾವನ ಹೆಸರಿನಲ್ಲಿ ಕಬ್ಬಿಣವಿದೆ, ಅವರಪ್ಪನ ಹೆಸರಿನಲ್ಲಿ ಕುರಿಯಿದೆ. ಹಾಗಾಗಿ ಅತ್ತೆಯ ಬಾಯಲ್ಲಿ ಕಬ್ಬಿಣ ‘ಗಟ್ಟಿಯದು’, ಕುರಿ ‘ಉಣ್ಣೆಯದು’. ನಮ್ಮೂರಿನ ಯುದ್ಧಕ್ಕೆ ಹೆದರಿ ಗಡಿ ದಾಟಿ ಓಡಿಬಂದ ನಾನು ಇಲ್ಲಿಯ ಭಾಷೆ ಕಲಿತದ್ದೇ ಅತ್ತೆಯಿಂದ. ಊರೆಲ್ಲ ಹೀಗೇ ಮಾತಾಡುತ್ತದೆಂದು ಎರಡು ವರ್ಷ ನಂಬಿದ್ದೆ. ಒಮ್ಮೆ ಸಂತೆಯಲ್ಲಿ ಗಟ್ಟಿಯದರ ಬಾಣಲೆ ಕೇಳಿದೆ. ಅಂಗಡಿಯವನು, “ಮೆತ್ತಗಿರೋ ಬಾಣ್ಲೆ ಎಲ್ಲಾದ್ರೂ ನೋಡಿದೀಯೇನಮ್ಮ?” ಎಂದ. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಕಳೆದ ತಿಂಗಳು ಮಾವನಿಗೆ ಜ್ವರ ನೆತ್ತಿಗೇರಿ ಪ್ರಜ್ಞೆ ತಪ್ಪಿತು. ಮನೆಯಲ್ಲಿ ಗಂಡಸರಿಲ್ಲ, ನನ್ನ ಗಂಡ ಲಾರಿ ತೆಗೆದುಕೊಂಡು ಹೋಗಿದ್ದ. ಪಕ್ಕದ ಮನೆಯವನು ನಮ್ಮನ್ನು ಪಟ್ಟಣದ ಆಸ್ಪತ್ರೆಯಲ್ಲಿ ಇಳಿಸಿ ಹೊರಟುಹೋದ. ಗಡಿಬಿಡಿಯಲ್ಲಿ ಮಾವನ ಗುರುತಿನ ಪತ್ರ ಮನೆಯಲ್ಲೇ ಉಳಿದಿತ್ತು. ಹಿಂದೊಮ್ಮೆ ಅದೇ ಆಸ್ಪತ್ರೆಯಲ್ಲಿ ಯಾವುದೋ ಇಂಜೆಕ್ಷನ್ ಕೊಟ್ಟಾಗ ಅವರ ಮೈಯೆಲ್ಲ ಊದಿ ಉಸಿರು ಕಟ್ಟಿತ್ತು. ಯಾವುದೆಂದು ನಮಗೆ ಗೊತ್ತಿಲ್ಲ, ಹಳೆಯ ಕಡತದಲ್ಲಿದೆ. ಕಡತ ಸಿಗಬೇಕಾದರೆ ಹೆಸರು ಬೇಕು.

“ಹೆಸ್ರು ಹೇಳ್ರಮ್ಮ,” ಎಂದಳು ಕಡತ ತೆಗೆದುಕೊಡುವ ಕಿಟಕಿಯವಳು.

“ನಮ್ಮನೆ ಹಿರಿಯರು,” ಎಂದರು ಅತ್ತೆ.

“ಹಿರಿಯರು ಎಲ್ರ ಮನೇಲೂ ಇರ್ತಾರೆ. ಹೆಸ್ರು?”

“ಮಕ್ಕಳ ಅಪ್ಪ.”

ಆಮೇಲೆ ಅತ್ತೆ ಏನು ಮಾಡಿದರು ಗೊತ್ತೇನಕ್ಕಾ? “ನಮ್ಮೂರಿನೋರು ಯಾರಾದ್ರೂ ಇದ್ದೇ ಇರ್ತಾರೆ, ಅವ್ರ ಕೈಲಿ ಹೇಳಿಸೋಣ ಇರು,” ಎಂದು ಓಣಿಯುದ್ದಕ್ಕೂ ಒಂದೊಂದೇ ಮಂಚ ನೋಡುತ್ತ ಹೊರಟರು. ಒಳಗೆ ದಾದಿ ಸೂಜಿಗೆ ಔಷಧ ತುಂಬುತ್ತಿದ್ದಳು. ನಾನು ಕಿಟಕಿಯೊಳಗೆ ತಲೆ ತೂರಿಸಿ, “ತೆಮಿರ್‌ಕುಲ್! ಕೊಯ್ಚು ಅವರ ಮಗ ತೆಮಿರ್‌ಕುಲ್!” ಎಂದು ಕೂಗಿದೆ. ಕಡತ ಬಂತು. ದಾದಿ ಅದನ್ನು ನೋಡಿ, ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟಳು. ಅವಳು ಕೊಡಲು ಹೊರಟಿದ್ದದ್ದು ಅದೇ ಔಷಧ.

ಮಾವ ಬದುಕಿದರು. ಅತ್ತೆ ನನ್ನ ಕೈಯ ರೊಟ್ಟಿ ತಿನ್ನುವುದನ್ನು ಬಿಟ್ಟರು. “ನನ್ ಗಂಡನ್ನ ನಾಯಿ ಕರ್ದಂಗೆ ಕರ್ದ್ಲು,” ಎಂದು ಬಂದವರೆದುರೆಲ್ಲ ಹೇಳಿದರು. ಕೇಳಿದವರು, “ಪರದೇಶದೋಳು, ಅವ್ಳಿಗೇನು ಗೊತ್ತು ಮರ್ಯಾದೆ,” ಎಂದರು. ಜೀವ ಉಳಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಮಾವ ಮನೆಗೆ ಬಂದ ಸಂತೋಷಕ್ಕೆ ಕುರಿ ಕಡಿದು ನೆಂಟರನ್ನು ಕರೆಯುವುದೆಂದಾಯಿತು. ಅವರೆಲ್ಲರ ಎದುರು ನಾನು ಚಹಾ ಹಿಡಿದು, ಬಗ್ಗಿ, ತಪ್ಪಾಯಿತು ಎನ್ನಬೇಕಂತೆ. ಮಾಡುವುದಿಲ್ಲ ಎಂದು ನಾಲ್ಕು ದಿನ ಕೊಟ್ಟಿಗೆಯಲ್ಲೇ ಇದ್ದೆ. ನಾದಿನಿ ಹೊರಗೆ ನಿಂತು, ನನಗೆ ಕೇಳಲೆಂದೇ, “ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ,” ಎಂದಳು.

ಬಗ್ಗಿದೆ, ಅಕ್ಕಾ. ಹಲ್ಲು ಕಚ್ಚಿಕೊಂಡು ಬಗ್ಗಿದೆ. ಜಿಬೆಕ್ ಇದೇ ವರ್ಷ ಶಾಲೆಗೆ ಸೇರಿದ್ದಾಳೆ. ಆರು ವರ್ಷದ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಆದರೆ ‘ತಪ್ಪಾಯಿತು’ ಎಂಬ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ, ಕ್ಷಮೆ ಕೇಳಿದಳೆಂದು ತಲೆಯಾಡಿಸಿದರು. ನಿಜ ಹೇಳುತ್ತೇನೆ, ನಾನು ಹೇಳಿದ್ದು ‘ತಪ್ಪಾಯಿತು’ ಅಂತ ಅಲ್ಲ. ಏನು ಹೇಳಿದೆನೆಂದು ಕಾಗದದಲ್ಲಿ ಬರೆಯಲಾರೆ, ಅಮ್ಮ ಬದುಕಿದ್ದಿದ್ದರೆ ಬಾಯಿ ಸುಡುತ್ತಿದ್ದಳು.

ಚಳಿ ಶುರುವಾಗಿದೆ, ಭಾವನಿಗೆ ಎದೆ ಬೆಚ್ಚಗಿಟ್ಟುಕೊಳ್ಳಲು ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ, ನಿಮ್ಮ ಒಲೆ ಎಂದೂ ಆರದಿರಲಿ.

ನಿನ್ನ ತಂಗಿ,
ಸವ್ಸನ್

ತಾ.ಕ.: ಮೇಲಿನದನ್ನು ಸಿಟ್ಟಿನ ಬಲದಿಂದಾದರೂ ಬರೆದೆ. ಬರೆಯಲಾಗದೆ ಬಿಟ್ಟದ್ದು ಇದು. ನಾನು ಬಗ್ಗಿದ ಮೇಲೆ ಮಾವ ಎಲ್ಲರನ್ನೂ ಸುಮ್ಮನಿರಿಸಿ, “ನನ್ ಜೀವ ಉಳಿಸಿದ್ದು ಈ ಹುಡುಗಿ. ಇವಳನ್ನ ಹರಸ್ತೀನಿ,” ಎಂದು ಎರಡೂ ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಅತ್ತೆಯ ಕಡೆ ತಿರುಗಿ, “ಇವಳ ಹೆಸರೇನು?” ಎಂದು ಕೇಳಿದರು. ಎಂಟು ವರ್ಷ ಅವರಿಗೆ ಅನ್ನ ನೀರು ಕೊಟ್ಟಿದ್ದೇನೆ, ಅಕ್ಕಾ. ಅತ್ತೆ, “ಸೊಸೆ ಅಂತ್ಲೇ ಹೇಳಿ, ದೇವ್ರಿಗೆ ಗೊತ್ತಾಗುತ್ತೆ,” ಎಂದರು. ಆ ಹೊತ್ತಿಗೆ ನನ್ನ ಗಂಡ ಊರಿಗೆ ಬಂದು ಅಲ್ಲೇ ಕುಳಿತಿದ್ದ. ತಾಲಾಯ್. ನೋಡು, ಅವನ ಹೆಸರನ್ನೂ ಬರೆದೇಬಿಟ್ಟೆ. ನನ್ನ ಹೆಸರು ಅವನಿಗೆ ಗೊತ್ತಿತ್ತು. ಹಿರಿಯರೆದುರು ಹೆಂಡತಿಯ ಹೆಸರೆತ್ತಿದರೆ ನಗುತ್ತಾರೆಂದು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ನಾನೇ ಹೇಳೋಣವೆಂದು ಬಾಯಿ ತೆರೆದೆ. ಬರಲಿಲ್ಲ. ಮುಂದಿನ ಕಾಗದ ಯಾರ ಕೈಯಲ್ಲಿ ಕಳಿಸಿದರೂ ಸರಿ, ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿ ಕೊಡಬೇಕೆಂದು ಹೇಳಿ ಕಳಿಸು. ಜೋರಾಗಿ ಕೂಗಲಿ, ಮಗಳಿಗೂ ಕೇಳಲಿ.